ಬ್ರೇಕಿನಲ್ಲಿ ಹೋಗುವ ಪೆಟ್ರೋಲ್

ನಮ್ಮ ಕಡೆ ಯಾರಾದರೂ ಹೊಸ ಕಾರು ತಗೊಂಡರೆ ಮೊದಲ ಪ್ರಶ್ನೆ ಒಂದೇ. "ಎಷ್ಟು ಕೊಡ್ತದೆ?" ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಮೈಲೇಜ್ ಅಂತ. ಬಣ್ಣ, ಬೆಲೆ, ಸಾಲ ಎಲ್ಲ ಆಮೇಲೆ. ಉತ್ತರವೂ ಒಂದೇ ಸಂಖ್ಯೆಯಲ್ಲಿ ಬರುತ್ತದೆ: ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು. ಕೇಳಿದವರು ತಲೆಯಾಡಿಸುತ್ತಾರೆ, ಮಾತು ಮುಗಿಯಿತು. ಆದರೆ ಮಂಗಳೂರಿನ ಕೊಟ್ಟಾರ ಚೌಕಿಯಿಂದ ಉಡುಪಿ ದಾಟಿ ಮಣಿಪಾಲಕ್ಕೆ ಕೆಲಸಕ್ಕೆ ಹೋಗಿ ಬರುವ ನನಗೆ ಈ ಪ್ರಶ್ನೆಗೆ ಹಾಗೆ ಒಂದೇ ಸಂಖ್ಯೆ ಹೇಳೋಕೆ ಆಗುವುದಿಲ್ಲ. ಯಾವ ರಸ್ತೆಯಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಜನ ಕೂತಿದ್ದರು, ಯಾರು ಓಡಿಸುತ್ತಿದ್ದರು ಅಂತ ವಾಪಸ್ ಕೇಳಬೇಕಾಗುತ್ತದೆ. ನನ್ನದು ವ್ಯಾಗನ್ ಆರ್, ಒಂದು ಲೀಟರ್ ಎಂಜಿನ್, ಮ್ಯಾನುಯಲ್ ಗೇರು. ಅದೇ ಕಾರು ಮಂಗಳೂರು ಪೇಟೆಯೊಳಗೆ ಹಂಪನಕಟ್ಟೆ, ಕಂಕನಾಡಿ, ಬಲ್ಮಠ ಅಂತ ಸುತ್ತಿದರೆ ಲೀಟರಿಗೆ ಹದಿನಾಲ್ಕರ ಆಸುಪಾಸು ಕೊಡುತ್ತದೆ. ಹೆದ್ದಾರಿಗೆ ಬಿಟ್ಟರೆ ಇಪ್ಪತ್ತು ದಾಟುತ್ತದೆ.

ಕಂಪನಿ ಈ ಕಾರಿಗೆ ಹೇಳಿದ್ದು 21.79. "ಅದೆಲ್ಲ ಸುಳ್ಳು" ಅಂತ ಹೇಳುವವರು ಬಹಳ ಜನ. ಸುಳ್ಳಲ್ಲ. ಆದರೆ ಅದನ್ನು ಅಳೆಯುವ ರೀತಿ ಗೊತ್ತಿದ್ದರೆ ಬೇಜಾರು ಕಡಿಮೆ ಆಗುತ್ತದೆ. ಕಾರನ್ನು ಪ್ರಯೋಗಾಲಯದಲ್ಲಿ ರೋಲರ್‌ಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಎಷ್ಟು ಸೆಕೆಂಡಿಗೆ ಎಷ್ಟು ವೇಗ ಅಂತ ಮೊದಲೇ ಬರೆದಿಟ್ಟ ಪಟ್ಟಿ ಇರುತ್ತದೆ. ಹೆಚ್ಚೆಂದರೆ 90 ಕಿಲೋಮೀಟರ್ ವೇಗ, ಸರಾಸರಿ ತೆಗೆದರೆ ಮೂವತ್ತರ ಸ್ವಲ್ಪ ಮೇಲೆ. ಇಡೀ ಪರೀಕ್ಷೆ ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ. ಈ ಸಂಖ್ಯೆ ಬಂದ ಪರೀಕ್ಷೆಯಲ್ಲಿ ಎಸಿ ಬಂದ್. ಮಳೆ ಇಲ್ಲ, ಹೊಂಡ ಇಲ್ಲ, ಬಿಕರ್ನಕಟ್ಟೆಯ ಏರು ಇಲ್ಲ, ಎದುರಿಗೆ ಬಂದು ಗಕ್ಕನೆ ನಿಲ್ಲುವ ಬಸ್ ಇಲ್ಲ. ಎರಡು ಕಾರುಗಳನ್ನು ಹೋಲಿಸಿ ನೋಡೋಕೆ ಆ ಸಂಖ್ಯೆ ಒಳ್ಳೆಯದು. ನಿಮ್ಮ ಕಾರು ನಿಮ್ಮ ರಸ್ತೆಯಲ್ಲಿ ಎಷ್ಟು ಕೊಡುತ್ತದೆ ಅನ್ನೋದು ಬೇರೆ ವಿಷಯ.

ಹಾಗಾದರೆ ನಮ್ಮ ರಸ್ತೆಯಲ್ಲಿ ಪೆಟ್ರೋಲ್ ಎಲ್ಲಿ ಹೋಗುತ್ತದೆ? ಕೊಟ್ಟಾರದಲ್ಲಿ ನಾನು ಸರ್ವಿಸ್ ಮಾಡಿಸುವ ಮೆಕ್ಯಾನಿಕ್ ಒಬ್ಬರಿದ್ದಾರೆ. ವಯಸ್ಸಾದವರು, ಮಾತು ಕಡಿಮೆ. ಒಮ್ಮೆ ನನ್ನ ಕಾರಿನ ಚಕ್ರ ಬಿಚ್ಚಿ ಬ್ರೇಕ್ ಪ್ಯಾಡ್ ನೋಡಿ, "ಇದಿನ್ನೂ ತುಂಬ ದಿನ ಬರ್ತದೆ ಮೇಡಂ, ನಿಮಗೆ ಮೈಲೇಜ್ ಒಳ್ಳೇದು ಸಿಗ್ತಿರಬೇಕಲ್ವಾ?" ಅಂದರು. ಮೀಟರ್ ನೋಡಿರಲಿಲ್ಲ, ನನ್ನ ಹತ್ತಿರ ಕೇಳಿರಲೂ ಇಲ್ಲ. ಪ್ಯಾಡ್ ಎಷ್ಟು ಸವೆದಿದೆ ಅಂತ ನೋಡಿಯೇ ಹೇಳಿದ್ದು. ಆ ಮಾತು ನನಗೆ ಬಹಳ ಹಿಡಿಸಿತು. ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ.

ಕಾರು ಮತ್ತು ಒಳಗೆ ಕೂತವರು ಸೇರಿ ಸಾವಿರ ಕೆಜಿ ಅಂತ ಇಟ್ಟುಕೊಳ್ಳೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅದರಲ್ಲಿ ಸುಮಾರು 140 ಕಿಲೋಜೂಲ್ ಶಕ್ತಿ ತುಂಬಿರುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ 32ರಿಂದ 34 ಸಾವಿರ ಕಿಲೋಜೂಲ್ ಇದೆ, ಆದರೆ ಅದರಲ್ಲಿ ಚಕ್ರಕ್ಕೆ ತಲುಪುವುದು ಕಾಲು ಭಾಗದ ಆಸುಪಾಸು. ಉಳಿದದ್ದು ಶಾಖವಾಗಿ ರೇಡಿಯೇಟರ್‌ನಲ್ಲಿ, ಸೈಲೆನ್ಸರ್‌ನಲ್ಲಿ ಹೋಗುತ್ತದೆ. ಆ ಲೆಕ್ಕದಲ್ಲಿ ನಿಂತ ಕಾರನ್ನು 60ಕ್ಕೆ ತರೋಕೆ ಸುಮಾರು 16 ಮಿಲಿಲೀಟರ್ ಪೆಟ್ರೋಲ್ ಬೇಕು. ಅಂದರೆ ಒಂದು ದೊಡ್ಡ ಚಮಚ. ಬ್ರೇಕ್ ತುಳಿದು ನಿಲ್ಲಿಸಿದ ಕೂಡಲೇ ಆ ಒಂದು ಚಮಚ ಪೆಟ್ರೋಲ್ ಬ್ರೇಕ್ ಪ್ಯಾಡ್ ಬಿಸಿ ಮಾಡೋಕೆ ಹೋಯಿತು. ಲೀಟರಿಗೆ ಇಪ್ಪತ್ತು ಕೊಡುವ ಕಾರಿಗೆ ಅದು 300 ಮೀಟರ್‌ಗಿಂತ ಜಾಸ್ತಿ ದೂರದ ಪೆಟ್ರೋಲ್. ವೇಗ ದುಪ್ಪಟ್ಟಾದರೆ ಈ ಲೆಕ್ಕ ನಾಲ್ಕು ಪಟ್ಟಾಗುತ್ತದೆ ಅನ್ನೋದನ್ನೂ ನೆನಪಿಡಿ. 30ರಿಂದ ನಿಲ್ಲಿಸಿದರೆ ನಾಲ್ಕು ಮಿಲಿ, 60ರಿಂದ ಹದಿನಾರು.

ಈಗ ನಮ್ಮ ಹೆದ್ದಾರಿ ನೆನಪು ಮಾಡಿಕೊಳ್ಳಿ. ಮಂಗಳೂರಿಂದ ಉಡುಪಿಗೆ ಐವತ್ತೈದು ಅರವತ್ತು ಕಿಲೋಮೀಟರ್. ಕೂಳೂರು ಸೇತುವೆ, ಪಣಂಬೂರು, ಬೈಕಂಪಾಡಿ, ಸುರತ್ಕಲ್, ಮುಕ್ಕ, ಹಳೆಯಂಗಡಿ, ಮುಲ್ಕಿ, ಹೆಜಮಾಡಿ ಟೋಲ್, ಪಡುಬಿದ್ರಿ, ಉಚ್ಚಿಲ, ಕಾಪು, ಕಟಪಾಡಿ, ಉದ್ಯಾವರ. ಪ್ರತಿ ಊರಿಗೂ ಒಂದು ಜಂಕ್ಷನ್, ಪ್ರತಿ ಜಂಕ್ಷನ್‌ಗೂ ಎಡಕ್ಕೊಂದು ಬಲಕ್ಕೊಂದು ಅಡ್ಡ ಇಟ್ಟ ಬ್ಯಾರಿಕೇಡ್. ಚತುಷ್ಪಥ ಅಂತ ಹೆಸರು, ಆದರೆ ಒಂದೇ ಸಮ ಐದು ಕಿಲೋಮೀಟರ್ ವೇಗ ಬದಲಿಸದೆ ಹೋಗೋದು ಕಷ್ಟ. ಇಲ್ಲಿ ಮೈಲೇಜ್ ಅಂದರೆ ದೊಡ್ಡ ಭಾಗ ಬ್ರೇಕಿನ ಲೆಕ್ಕವೇ.

ಹಾಗಂತ ಬ್ರೇಕ್ ಹಾಕಬೇಡಿ ಅಂತ ಅಲ್ಲ. ಬ್ರೇಕ್ ಬೇಕಾದಾಗ ಬೇಕೇ. ನಾನು ಹೇಳುವುದು, ಬ್ರೇಕ್ ಬೇಕಾಗುತ್ತದೆ ಅಂತ ಮೊದಲೇ ಕಾಣುತ್ತಿದ್ದರೂ ಕೊನೆಯ ಕ್ಷಣದವರೆಗೆ ಆಕ್ಸಿಲರೇಟರ್ ಒತ್ತಿಕೊಂಡೇ ಹೋಗುತ್ತೇವಲ್ಲ, ಅದರ ಬಗ್ಗೆ. ಪಡುಬಿದ್ರಿ ಉದಾಹರಣೆ ನೋಡಿ. ಹೆಜಮಾಡಿ ದಾಟಿ ಬರುವಾಗ ಜಂಕ್ಷನ್ ದೂರದಿಂದಲೇ ಕಾಣುತ್ತದೆ. ಎದುರಿಗೆ ಎಕ್ಸ್‌ಪ್ರೆಸ್ ಬಸ್ ಇದ್ದರೆ ಅದು ಎಡಕ್ಕೆ ಇಂಡಿಕೇಟರ್ ಹಾಕೋಕೆ ಮೊದಲೇ ಕಂಡಕ್ಟರ್ ಬಾಗಿಲಲ್ಲಿ ನಿಂತು ಕೈ ಹೊರಗೆ ಹಾಕಿರುತ್ತಾನೆ. ಅದೇ ಸಾಕು. ಅಲ್ಲೇ ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆಯುತ್ತೇನೆ, ಗೇರು ನಾಲ್ಕರಲ್ಲೋ ಐದರಲ್ಲೋ ಇದ್ದ ಹಾಗೇ ಇರಲಿ. ಕಾರು ತಾನಾಗಿ ನಿಧಾನ ಆಗುತ್ತಾ ಹೋಗುತ್ತದೆ. ಎದುರಿನ ಸ್ಕ್ರೀನಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಪಟ್ಟಿ ಒಮ್ಮೆಲೇ ತುದಿ ಮುಟ್ಟಿ ಅಲ್ಲೇ ನಿಂತುಬಿಡುತ್ತದೆ. ಹತ್ತಿರ ಬಂದಾಗ ವೇಗ 40ಕ್ಕೆ ಇಳಿದಿರುತ್ತದೆ, ಬಸ್ ಜನ ಇಳಿಸಿ ಹೊರಟಿರುತ್ತದೆ, ಮೂರನೇ ಗೇರಿಗೆ ಹಾಕಿ ಬ್ಯಾರಿಕೇಡ್ ದಾಟಿದರಾಯಿತು. ಬ್ರೇಕಿನ ಮೇಲೆ ಕಾಲು ಸುಮ್ನೆ ಇಟ್ಟಿದ್ದು ಅಷ್ಟೇ, ಹಿಂದಿನವರಿಗೆ ದೀಪ ಕಾಣಲಿ ಅಂತ.

ಆ ಪಟ್ಟಿ ತುದಿ ಮುಟ್ಟುವುದಕ್ಕೆ ಕಾರಣ ಉಂಟು. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರಿನಲ್ಲಿ ಇರುವಾಗ ಕಾಲು ಪೂರ್ತಿ ತೆಗೆದರೆ, ಎಂಜಿನ್ ಒಂದು ಮಟ್ಟಕ್ಕಿಂತ ಜಾಸ್ತಿ ತಿರುಗುತ್ತಿದ್ದರೆ, ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸುವುದನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ ತಿರುಗಿಸುತ್ತಾ ಇರುತ್ತವೆ. ಅಷ್ಟು ದೂರ ಪೆಟ್ರೋಲ್ ಖರ್ಚು ಸೊನ್ನೆ. ವೇಗ ತುಂಬ ಇಳಿದಾಗ ಮತ್ತೆ ಶುರುವಾಗುತ್ತದೆ, ಇಲ್ಲದಿದ್ದರೆ ಎಂಜಿನ್ ಆಫ್ ಆಗಿಬಿಡುತ್ತದಲ್ಲ.

ಇಲ್ಲೇ ನ್ಯೂಟ್ರಲ್ ವಿಷಯ ಬರುತ್ತದೆ. ನಮ್ಮ ಮಾವ ಹಳೇ ಮಾರುತಿ 800 ಇಟ್ಟುಕೊಂಡಿದ್ದ ಕಾಲದಲ್ಲಿ ಇಳಿಜಾರು ಸಿಕ್ಕಿದರೆ ಸಾಕು, ನ್ಯೂಟ್ರಲ್‌ಗೆ ಹಾಕಿಬಿಡುತ್ತಿದ್ದರು. ಅವರ ಕಾರು ಕಾರ್ಬ್ಯುರೇಟರ್‌ದು, ಅಂದರೆ ಪೆಟ್ರೋಲ್ ಅಳೆದು ಬಿಡೋಕೆ ಕಂಪ್ಯೂಟರ್ ಇಲ್ಲದ ಹಳೇ ರೀತಿಯದು. ಅದರಲ್ಲಿ ಕಾಲು ತೆಗೆದರೂ ಎಂಜಿನ್ ತಿರುಗಿದಷ್ಟು ಪೆಟ್ರೋಲ್ ಎಳೆದುಕೊಳ್ಳುತ್ತಲೇ ಇರುತ್ತದೆ, ಹಾಗಾಗಿ ನ್ಯೂಟ್ರಲ್ ಮಾಡಿ ಎಂಜಿನ್ ನಿಧಾನ ಮಾಡಿದರೆ ಸ್ವಲ್ಪ ಉಳಿಯುತ್ತಿತ್ತು. ಅವರ ಲೆಕ್ಕ ಅವರ ಕಾರಿಗೆ ಸರಿಯೇ. ಈಗಿನ ಕಾರಿನಲ್ಲಿ ಅದು ತಲೆಕೆಳಗು. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಚಾಲೂ ಇರೋಕೆ ಪೆಟ್ರೋಲ್ ಬೇಕು, ಗೇರಿನಲ್ಲಿದ್ದರೆ ಬೇಡ. ನ್ಯೂಟ್ರಲ್‌ನಲ್ಲಿ ಕಾರು ಸ್ವಲ್ಪ ಜಾಸ್ತಿ ದೂರ ಉರುಳುತ್ತದೆ, ಅದು ನಿಜ. ಆದರೆ ಹಿಡಿತ ಇರುವುದಿಲ್ಲ.

ಘಾಟಿಯಲ್ಲಂತೂ ಇದು ಜೀವದ ವಿಷಯ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಸೋಮೇಶ್ವರದ ಕಡೆ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಇಡೀ ಕಾರಿನ ಭಾರ ಬ್ರೇಕಿನ ಮೇಲೆ. ಪ್ಯಾಡ್ ಕಾದು ಕಾದು ಹಿಡಿತ ಕಡಿಮೆ ಆಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಕೆಲವರು ಕೀ ತಿರುಗಿಸಿ ಎಂಜಿನ್ನೇ ಆಫ್ ಮಾಡುತ್ತಾರೆ ಅಂತ ಕೇಳಿದರೆ ನನಗೆ ಭಯ ಆಗುತ್ತದೆ. ಎಂಜಿನ್ ನಿಂತರೆ ಬ್ರೇಕಿಗೆ ಸಹಾಯ ಮಾಡುವ ವ್ಯಾಕ್ಯೂಮ್ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಖಾಲಿ, ಆಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಪವರ್ ಸ್ಟೀರಿಂಗ್ ಇಲ್ಲ. ಕೀ ಇನ್ನೊಂದು ಹೆಜ್ಜೆ ಹಿಂದೆ ಹೋದರೆ ಸ್ಟೀರಿಂಗ್ ಲಾಕ್ ಆಗುವ ಕಾರುಗಳೂ ಇವೆ. ಎರಡನೇ ಗೇರಿನಲ್ಲಿ ಇಳಿಯಿರಿ. ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಪೆಟ್ರೋಲೂ ಖರ್ಚಾಗುವುದಿಲ್ಲ. ಇಷ್ಟು ಚೆನ್ನಾಗಿ ಎರಡೂ ಒಟ್ಟಿಗೆ ಸಿಗುವುದು ಕಡಿಮೆ, ಅಲ್ವಾ?

ಇಳಿದದ್ದಾಯಿತು, ಏರುವುದು ಹೇಗೆ? ಮಂಗಳೂರು ಗುಡ್ಡಗಳ ಊರು. ಬಾವುಟಗುಡ್ಡೆ, ಕದ್ರಿ, ಬಿಕರ್ನಕಟ್ಟೆ, ಕುಲಶೇಖರ, ಮೇರಿಹಿಲ್. ಉಡುಪಿಯಿಂದ ಇಂದ್ರಾಳಿ ದಾಟಿ ಮಣಿಪಾಲಕ್ಕೂ ಒಂದೇ ಸಮ ಏರು. ಮೇಲೆ ಹೇಳಿದ ಸಾವಿರ ಕೆಜಿಯನ್ನು 50 ಮೀಟರ್ ಎತ್ತರಕ್ಕೆ ಏರಿಸೋಕೆ ಸುಮಾರು 60 ಮಿಲಿ ಪೆಟ್ರೋಲ್ ಬೇಕು, ರಸ್ತೆಯ ದೂರಕ್ಕೆ ಬೇಕಾದದ್ದು ಬೇರೆ. ಇದನ್ನು ತಪ್ಪಿಸೋಕೆ ಆಗುವುದಿಲ್ಲ. ಆದರೆ ಏರಿದ ಎತ್ತರ ಎಲ್ಲೂ ಹೋಗುವುದಿಲ್ಲ, ಇಳಿಯುವಾಗ ವಾಪಸ್ ಸಿಗುತ್ತದೆ. ನೀವು ಬ್ರೇಕ್ ತುಳಿದು ಅದನ್ನು ಕಳೆದುಕೊಳ್ಳದಿದ್ದರೆ ಮಾತ್ರ. ಏರು ಮುಗಿಯುವ ಸ್ವಲ್ಪ ಮೊದಲೇ ಕಾಲು ಸಡಿಲ ಮಾಡಿದರೆ ನೆತ್ತಿ ದಾಟುವಷ್ಟರಲ್ಲಿ ವೇಗ ಹದಕ್ಕೆ ಬಂದಿರುತ್ತದೆ. ನೆತ್ತಿಯವರೆಗೆ ಜೋರಾಗಿ ಹತ್ತಿ, ಆ ಕಡೆ ಇಳಿಯುವಾಗ ಬ್ರೇಕ್ ಹಿಡಿದುಕೊಂಡೇ ಹೋಗುವುದು ದುಡ್ಡನ್ನು ರಸ್ತೆಗೆ ಸುರಿದಂತೆಯೇ.

ಏರಿನಲ್ಲಿ ಇನ್ನೊಂದು ವಿಷಯ. ಮೈಲೇಜ್ ಸಿಗುತ್ತದೆ ಅಂತ ಮೇಲಿನ ಗೇರಿನಲ್ಲೇ ಎಳೆಸುವವರಿದ್ದಾರೆ. ಕಾರು ಗುಡುಗುಡು ಅಂತ ನಡುಗುತ್ತಿರುತ್ತದೆ, ಇವರು ಕಾಲು ನೆಲಕ್ಕೆ ಒತ್ತಿರುತ್ತಾರೆ. ಬೇಡ. ಎಂಜಿನ್ ಒದ್ದಾಡುತ್ತಿದ್ದರೆ ಒಂದು ಗೇರು ಇಳಿಸಿ. ಸಮತಟ್ಟಾದ ರಸ್ತೆಯಲ್ಲಿ ಬೇಗ ಬೇಗ ಗೇರು ಏರಿಸಿ, ಎರಡು ಸಾವಿರ ಆರ್‌ಪಿಎಂ ಸುತ್ತಮುತ್ತ ಸಾಕು. ಏರಿನಲ್ಲಿ ಎಂಜಿನ್ ಕೇಳಿದಷ್ಟು ಕೊಡಿ. ಶಬ್ದ ಕೇಳಿದರೆ ಗೊತ್ತಾಗುತ್ತದೆ, ಆರ್‌ಪಿಎಂ ಮೀಟರ್ ಇಲ್ಲದ ಕಾರಿನವರಿಗೂ.

ವೇಗದ ಬಗ್ಗೆ ನನಗೆ ಸ್ವಲ್ಪ ಗಟ್ಟಿ ಅಭಿಪ್ರಾಯ ಉಂಟು. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರ ಬದಲು 100ರಲ್ಲಿ ಹೋದರೆ ವೇಗ ಕಾಲು ಭಾಗ ಜಾಸ್ತಿ ಆದದ್ದು, ಗಾಳಿಯ ತಡೆ ಅರ್ಧಕ್ಕಿಂತ ಜಾಸ್ತಿ, ಶೇಕಡಾ 56ರಷ್ಟು ಏರುತ್ತದೆ. ಸಣ್ಣ ಕಾರುಗಳಲ್ಲಿ 50ರ ಆಸುಪಾಸಿನಲ್ಲಿ ಗಾಳಿಯ ತಡೆ, ಟೈರಿನ ತಡೆ ಹೆಚ್ಚುಕಡಿಮೆ ಸಮ ಇರುತ್ತದೆ, ಅದರಿಂದ ಮೇಲೆ ಹೋದಂತೆ ಗಾಳಿಯದ್ದೇ ರಾಜ್ಯ. ವ್ಯಾಗನ್ ಆರ್ ತರಹದ ಎತ್ತರದ, ಚಪ್ಪಟೆ ಮುಖದ ಕಾರಿಗೆ ಇದು ಇನ್ನೂ ಜಾಸ್ತಿ. ಮೇಲೆ ಕ್ಯಾರಿಯರ್ ಕಟ್ಟಿದ್ದರೆ ಕೇಳುವುದೇ ಬೇಡ. ಖಾಲಿ ಕ್ಯಾರಿಯರ್ ಆದರೂ ಗಾಳಿ ತಡೆಯುತ್ತದೆ. ಊರಿಗೆ ಸಾಮಾನು ಒಯ್ಯೋದು ವರ್ಷಕ್ಕೊಮ್ಮೆ, ಕಬ್ಬಿಣ ಹೊತ್ತು ತಿರುಗುವುದು ವರ್ಷವಿಡೀ. ಬಿಚ್ಚಿಡಿ.

ಅಷ್ಟಕ್ಕೂ 100ರಲ್ಲಿ ಹೋಗಿ ಉಳಿಸುವುದು ಎಷ್ಟು? ತಡೆಯಿಲ್ಲದ ರಸ್ತೆ 30 ಕಿಲೋಮೀಟರ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. 80ರಲ್ಲಿ ಇಪ್ಪತ್ತೆರಡೂವರೆ ನಿಮಿಷ, 100ರಲ್ಲಿ ಹದಿನೆಂಟು. ನಾಲ್ಕೂವರೆ ನಿಮಿಷ. ಅದನ್ನು ಕೂಳೂರು ಸೇತುವೆಯ ಹತ್ತಿರ ಬಂದರಿನ ಲಾರಿಗಳ ಹಿಂದೆ, ಇಲ್ಲವಾದರೆ ಉಡುಪಿಯ ಕಲ್ಸಂಕದಲ್ಲಿ ಕೊಟ್ಟುಬಿಡುತ್ತೇವೆ. ಸುರತ್ಕಲ್ ದಾಟಿದ ಮೇಲೆ ನನ್ನನ್ನು ಹಾರ್ನ್ ಹೊಡೆದು ದಾಟಿದ ಕಾರು ಕಾಪುವಿನ ಬ್ಯಾರಿಕೇಡ್‌ನಲ್ಲಿ ನನ್ನ ಎದುರಿಗೇ ನಿಂತಿರುವುದು ಎಷ್ಟೋ ಸಲ ಆಗಿದೆ. 70ರಿಂದ 80ರೊಳಗೆ ಈ ರಸ್ತೆಗೆ ಹದವಾದ ವೇಗ ಅಂತ ನನಗನ್ನಿಸುತ್ತದೆ. ಬಸ್ಸಿನ ಅಥವಾ ಟ್ಯಾಂಕರಿನ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿ ತಡೆ ಕಡಿಮೆ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ಭೌತಶಾಸ್ತ್ರ ಸರಿ. ಆದರೆ ಅಷ್ಟು ಹತ್ತಿರ ಹೋದರೆ ಎದುರಿನ ಗಾಡಿ ನಿಂತಾಗ ನಿಮಗೆ ನಿಲ್ಲೋಕೆ ಜಾಗ ಇಲ್ಲ, ರಸ್ತೆಯ ಹೊಂಡವೂ ಕಾಣುವುದಿಲ್ಲ. ದಯವಿಟ್ಟು ಮಾಡಬೇಡಿ.

ಟೈರಿನ ಗಾಳಿ ಎಲ್ಲರೂ ಹೇಳುವ ವಿಷಯ, ಕಡಿಮೆ ಜನ ಮಾಡುವ ವಿಷಯ. ಬಂಕ್‌ನಲ್ಲಿ ಗಾಳಿ ಹಾಕುವ ಹುಡುಗ "ಮೂವತ್ತು ಹಾಕ್ಲಾ ಅಕ್ಕಾ?" ಅಂತ ಕೇಳುತ್ತಾನೆ, ಯಾವ ಕಾರಾದರೂ ಮೂವತ್ತು. ನಿಮ್ಮ ಕಾರಿಗೆ ಎಷ್ಟು ಅನ್ನೋದು ಡ್ರೈವರ್ ಬಾಗಿಲು ತೆಗೆದರೆ ಒಳಗಿನ ಕಂಬದ ಮೇಲೆ ಸ್ಟಿಕ್ಕರ್‌ನಲ್ಲಿ ಬರೆದಿದೆ. ಜನ ಮತ್ತು ಸಾಮಾನು ತುಂಬಿದಾಗ ಎಷ್ಟು ಅಂತ ಬೇರೆ ಬರೆದಿರುವುದೂ ಉಂಟು. ಅದು ತಂಪಾದ ಟೈರಿನ ಲೆಕ್ಕ. ಉಡುಪಿಯಿಂದ ಓಡಿಸಿಕೊಂಡು ಬಂದು ಬಿಸಿ ಟೈರಿನಲ್ಲಿ ನೋಡಿದರೆ ಎರಡು ಮೂರು ಪಾಯಿಂಟ್ ಜಾಸ್ತಿಯೇ ತೋರಿಸುತ್ತದೆ, "ಸರಿ ಇದೆ" ಅಂತ ಬಂದುಬಿಡುತ್ತೇವೆ. ನಾನು ಒಂದು ಸಣ್ಣ ಗೇಜ್ ತಗೊಂಡು ಡ್ಯಾಶ್‌ಬೋರ್ಡ್ ಒಳಗೆ ಇಟ್ಟಿದ್ದೇನೆ. ಬೆಳಿಗ್ಗೆ ಕಾರು ಹೊರಡುವ ಮೊದಲು ನೋಡುತ್ತೇನೆ, ನಾಲ್ಕು ಟೈರಿಗೆ ಎರಡು ನಿಮಿಷ. ಗಾಳಿ ಕಡಿಮೆ ಇದ್ದರೆ ಟೈರ್ ಜಾಸ್ತಿ ನಲುಗುತ್ತದೆ, ನಲುಗಿದಷ್ಟೂ ಪೆಟ್ರೋಲ್ ಶಾಖವಾಗಿ ಹೋಗುತ್ತದೆ. ಮೈಲೇಜ್ ಆಸೆಗೆ ಸ್ಟಿಕ್ಕರ್‌ಗಿಂತ ಬಹಳ ಜಾಸ್ತಿ ಹಾಕುವುದೂ ಬೇಡ. ಮಳೆಗಾಲದಲ್ಲಿ ನಮ್ಮ ಒದ್ದೆ ರಸ್ತೆಯಲ್ಲಿ ಹಿಡಿತ ಬೇಕಲ್ಲ. ನೈಟ್ರೋಜನ್ ಹಾಕಿಸಿದರೆ ಮೈಲೇಜ್ ಏರುತ್ತದೆ ಅನ್ನುವವರಿಗೆ ಒಂದು ಮಾತು: ಮಾಮೂಲಿ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ.

ಎಸಿ ಬಗ್ಗೆ ಮನೆ ಮನೆಯಲ್ಲೂ ಜಗಳ. ಸಣ್ಣ ಎಂಜಿನ್‌ಗೆ ಎಸಿ ಭಾರವೇ, ಹತ್ತರಲ್ಲಿ ಒಂದು ಭಾಗದಷ್ಟು ಮೈಲೇಜ್ ತಿನ್ನುವುದು ಸಾಮಾನ್ಯ, ಪೇಟೆಯಲ್ಲಿ ಇನ್ನೂ ಜಾಸ್ತಿ. ಆದರೆ ಕರಾವಳಿಯ ಏಪ್ರಿಲ್ ಮೇ ಸೆಕೆಯಲ್ಲಿ ಮಕ್ಕಳನ್ನು, ವಯಸ್ಸಾದವರನ್ನು ಕೂರಿಸಿಕೊಂಡು ಎಸಿ ಬಂದ್ ಮಾಡಿ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಐವತ್ತು ಕಿಲೋಮೀಟರಿಗೆ ಉಳಿಯುವುದು ಕಾಲು ಲೀಟರ್. ಅದಕ್ಕಿಂತ ಕಾರನ್ನು ನೆರಳಲ್ಲಿ ನಿಲ್ಲಿಸಿ. ಬಿಸಿಲಲ್ಲಿ ನಿಂತಿದ್ದರೆ ಹೊರಡುವಾಗ ಎಲ್ಲ ಗಾಜು ಇಳಿಸಿ ಒಂದು ನಿಮಿಷ ಓಡಿಸಿ, ಒಳಗಿನ ಕಾವು ಹೋದ ಮೇಲೆ ಎಸಿ ಹಾಕಿ. ಪೇಟೆಯ ನಿಧಾನ ಸಂಚಾರದಲ್ಲಿ ಸಂಜೆಯ ಹೊತ್ತು ಗಾಜು ಇಳಿಸಿದರೆ ಚೆನ್ನಾಗಿಯೇ ಇರುತ್ತದೆ. ಹೆದ್ದಾರಿಯ ವೇಗದಲ್ಲಿ ಗಾಜು ಇಳಿಸಿದರೆ ಗಾಳಿಯ ತಡೆ ಜಾಸ್ತಿ ಆಗಿ ಉಳಿತಾಯ ಕರಗುತ್ತದೆ, ಮೇಲಿಂದ ಮೀನಿನ ಲಾರಿಯ ನೀರು ಬೇರೆ.

ಜೂನ್ ಬಂದರೆ ಈ ಚರ್ಚೆಯೇ ಇಲ್ಲ. ಮಳೆಯಲ್ಲಿ ಗಾಜು ಮಂಜಾಗುತ್ತದೆ, ಎಸಿ ಹಾಕದೆ ರಸ್ತೆ ಕಾಣುವುದಿಲ್ಲ. ಹಾಕಲೇಬೇಕು. ಟೈರು ರಸ್ತೆಯ ನೀರನ್ನು ತಳ್ಳಿಕೊಂಡು ಹೋಗಬೇಕು, ವೈಪರ್, ದೀಪ, ಹಿಂದಿನ ಗಾಜಿನ ಡಿಫಾಗರ್ ಎಲ್ಲ ಚಾಲೂ, ಹೊಂಡ ಹೊಂಡಕ್ಕೂ ಬ್ರೇಕು. ಮೈಲೇಜ್ ಇಳಿಯುತ್ತದೆ. ಸೆಪ್ಟೆಂಬರ್ ತನಕ ಅದನ್ನು ಹಾಗೇ ಒಪ್ಪಿಕೊಳ್ಳುವುದು ಒಳ್ಳೆಯದು. ಆ ತಿಂಗಳುಗಳಲ್ಲಿ ಕಾರು ಕೆಟ್ಟಿದೆ ಅಂತ ಗ್ಯಾರೇಜಿಗೆ ಓಡುವವರನ್ನು ನೋಡಿದ್ದೇನೆ.

ಸಿಗ್ನಲ್‌ನಲ್ಲಿ ನಿಂತಾಗ ಸಣ್ಣ ಪೆಟ್ರೋಲ್ ಎಂಜಿನ್ ಗಂಟೆಗೆ ಅರ್ಧ ಲೀಟರ್‌ನಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ, ನಿಮಿಷಕ್ಕೆ ಹತ್ತು ಮಿಲಿ ಅಂತ ಹಿಡಿಯಬಹುದು. ಮಂಗಳೂರಿನ ನಂತೂರು, ಕೆಪಿಟಿ ಜಂಕ್ಷನ್‌ಗಳ ಕಡೆ ಜಾಮ್ ಆದಾಗ, ರೈಲ್ವೆ ಗೇಟ್ ಬಿದ್ದಾಗ ಆಫ್ ಮಾಡಿಬಿಡಿ. ಮತ್ತೆ ಸ್ಟಾರ್ಟ್ ಮಾಡೋಕೆ ಜಾಸ್ತಿ ಪೆಟ್ರೋಲ್ ಹೋಗುತ್ತದೆ ಅನ್ನೋದು ಹಳೇ ಕಾಲದ ಮಾತು. ಹತ್ತು ಸೆಕೆಂಡಿಗಿಂತ ಜಾಸ್ತಿ ನಿಲ್ಲುವುದಾದರೆ ಆಫ್ ಮಾಡುವುದೇ ಲಾಭ.

ಇನ್ನು ದುಡ್ಡು ಕೊಟ್ಟು ಮೈಲೇಜ್ ತರುವ ದಾರಿಗಳು. ಪ್ರೀಮಿಯಂ ಪೆಟ್ರೋಲ್ ಹಾಕಿದರೆ ಜಾಸ್ತಿ ಕೊಡುತ್ತದೆ ಅಂತ ಒಂದು ನಂಬಿಕೆ. ನಮ್ಮ ಸಣ್ಣ ಕಾರುಗಳ ಎಂಜಿನ್ ಮಾಮೂಲಿ ಪೆಟ್ರೋಲ್‌ಗೇ ಮಾಡಿದ್ದು, ಪ್ರೀಮಿಯಂ ಹಾಕಿದರೆ ಅದಕ್ಕೆ ಹೆಚ್ಚಿನ ಪ್ರಯೋಜನ ಇಲ್ಲ. ಬೆಳಿಗ್ಗೆ ತಂಪಲ್ಲಿ ಹಾಕಿಸಿದರೆ ಜಾಸ್ತಿ ಬರುತ್ತದೆ ಅನ್ನುತ್ತಾರೆ. ಬಂಕಿನ ಟ್ಯಾಂಕ್ ನೆಲದಡಿ ಇರುತ್ತದೆ, ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ, ಇವಕ್ಕೆ ದುಡ್ಡು ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಏರ್ ಫಿಲ್ಟರ್ ವಿಷಯ ನನಗೇ ಆಶ್ಚರ್ಯ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಪರೀಕ್ಷೆ ಮಾಡಿ, ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಪಿಕಪ್ ಕಡಿಮೆ ಆಗುತ್ತದೆ, ಮೈಲೇಜ್ ಅಷ್ಟಾಗಿ ಬದಲಾಗುವುದಿಲ್ಲ ಅಂತ ಕಂಡುಕೊಂಡರು. ಹಾಗಂತ ನಮ್ಮ ಕೆಂಪು ಮಣ್ಣಿನ ಧೂಳಿನಲ್ಲಿ ಫಿಲ್ಟರ್ ಬದಲಿಸದೆ ಇರಬೇಡಿ, ಎಂಜಿನ್ ಬಾಳಿಕೆಗೆ ಅದು ಬೇಕು. ಆಯಿಲ್ ಮಾತ್ರ ಪುಸ್ತಕದಲ್ಲಿ ಬರೆದ ಗ್ರೇಡ್‌ದೇ ಹಾಕಿಸಿ. ತೆಳು ಆಯಿಲ್ ಬೇಕಾದ ಎಂಜಿನ್‌ಗೆ "ಇದು ಗಟ್ಟಿ, ಒಳ್ಳೇದು" ಅಂತ ದಪ್ಪ ಆಯಿಲ್ ಹಾಕಿದರೆ ಎಂಜಿನ್ ತಿರುಗೋಕೇ ಕಷ್ಟಪಡುತ್ತದೆ.

ಈಚೆಗೆ ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ, "ಪೆಟ್ರೋಲಲ್ಲಿ ಎಥನಾಲ್ ಹಾಕಿದ ಮೇಲೆ ಮೈಲೇಜ್ ಕಡಿಮೆ ಆಯ್ತಾ?" ಆಗಿದೆ, ಅದಕ್ಕೆ ಲೆಕ್ಕವೂ ಉಂಟು. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಭಾಗದಷ್ಟೇ ಶಕ್ತಿ. ನೂರರಲ್ಲಿ ಇಪ್ಪತ್ತು ಭಾಗ ಎಥನಾಲ್ ಬೆರೆತರೆ ಲೀಟರಿನ ಶಕ್ತಿ ಶೇಕಡಾ ಆರೇಳರಷ್ಟು ಇಳಿಯಲೇಬೇಕು. ನೀತಿ ಆಯೋಗ 2021ರಲ್ಲಿ ಹೊರತಂದ ವರದಿಯಲ್ಲೂ, ಹಳೇ ಪೆಟ್ರೋಲಿಗೆ ಮಾಡಿ ಹತ್ತು ಭಾಗದ ಮಿಶ್ರಣಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಿಗೆ ಶೇಕಡಾ 6ರಿಂದ 7 ಅಂತಲೇ ಹೇಳಿದ್ದಾರೆ. ಹೊಸ ಮಿಶ್ರಣಕ್ಕೇ ಹೊಂದಿಸಿದ ಎಂಜಿನ್‌ಗಳಲ್ಲಿ ನಷ್ಟ ಕಡಿಮೆ. ಅಂದರೆ ಮೊದಲು ಇಪ್ಪತ್ತು ಕೊಡುತ್ತಿದ್ದ ಹಳೇ ಕಾರು ಈಗ ಹದಿನೆಂಟೂವರೆ, ಹತ್ತೊಂಬತ್ತು ಕೊಟ್ಟರೆ ಅದರಲ್ಲಿ ನಿಮ್ಮ ಕಾರಿನ ಕೊರತೆಯೂ ಇಲ್ಲ, ನಿಮ್ಮ ಡ್ರೈವಿಂಗ್ ಕೊರತೆಯೂ ಇಲ್ಲ. ಹಳೇ ಡೈರಿಯ ಸಂಖ್ಯೆಯ ಜೊತೆ ಹೋಲಿಸುವಾಗ ಇದನ್ನು ಬಿಟ್ಟು ಹೋಲಿಸಬೇಡಿ.

ಡೈರಿ ಅಂದೆನಲ್ಲ, ಅದು ಬೇಕೇ ಬೇಕು. ಸ್ಕ್ರೀನ್ ತೋರಿಸುವ ಸರಾಸರಿ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಪ್ರತಿ ಸಲ ಒಂದೇ ಬಂಕ್‌ಗೆ ಹೋಗಿ, ಸಾಧ್ಯವಾದರೆ ಒಂದೇ ಪಂಪ್‌ಗೆ. ನಾಜಲ್ ತಾನಾಗಿ ಕಟ್ ಆಗುವವರೆಗೆ ಹಾಕಿಸಿ ಅಲ್ಲಿಗೇ ನಿಲ್ಲಿಸಿ, ಮೇಲಿಂದ ಐವತ್ತು ರೂಪಾಯಿಗೆ ರೌಂಡ್ ಮಾಡಿಸಬೇಡಿ. ಓಡಿದ ಕಿಲೋಮೀಟರ್ ಬರೆದಿಡಿ. ಮುಂದಿನ ಸಲವೂ ಹಾಗೇ ಮಾಡಿ, ಓಡಿದ ದೂರವನ್ನು ಆಗ ಹಿಡಿದ ಲೀಟರ್‌ನಿಂದ ಭಾಗಿಸಿ. ಒಂದು ಟ್ಯಾಂಕಿನ ಲೆಕ್ಕ ನಂಬಬೇಡಿ. ನಾಲ್ಕೈದು ಟ್ಯಾಂಕ್ ಆದ ಮೇಲೆ ನಿಮ್ಮ ರಸ್ತೆಯ, ನಿಮ್ಮ ಕಾಲಿನ ನಿಜವಾದ ಸಂಖ್ಯೆ ಸಿಗುತ್ತದೆ.

ಇಷ್ಟೆಲ್ಲ ಮಾಡಿ ಸಿಗುವುದೆಷ್ಟು ಅಂತ ನಮ್ಮನೆಯವರು ಕೇಳುತ್ತಾರೆ. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸುವವರು ಹದಿನೈದರಿಂದ ಹದಿನೆಂಟಕ್ಕೆ ಏರಿಸಿಕೊಂಡರೆ 800 ಲೀಟರಿನ ಬದಲು 667 ಲೀಟರ್. ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಹದಿಮೂರು ಸಾವಿರಕ್ಕಿಂತ ಮೇಲೆ ಉಳಿಯಿತು. ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್, ಹಾಗಾಗಿ ಅದೂ 300 ಕೆಜಿ ಕಡಿಮೆ. ಬಜ್ಪೆ ಏರ್‌ಪೋರ್ಟಿಗೆ ದಿನಕ್ಕೆ ಹಲವು ಸಲ ಹೋಗಿ ಬರುವ ಟ್ಯಾಕ್ಸಿಯವರಿಗೆ ಇದು ಎಷ್ಟೋ ಪಟ್ಟು. ಅವರಿಗೆ ಇದು ಮಕ್ಕಳ ಶಾಲೆಯ ಫೀಸು.

ಆದರೆ ಡ್ರೈವರ್ ಕೈಯಲ್ಲಿ ಇರುವುದು ಇಷ್ಟೇ. ಉಳಿದದ್ದು ರಸ್ತೆಯ ಕೈಯಲ್ಲಿ. 60ರಲ್ಲಿ ಬರುವ ಕಾರನ್ನು ಬ್ಯಾರಿಕೇಡ್ 20ಕ್ಕೆ ಇಳಿಸಿದರೆ ಹದಿನಾಲ್ಕು ಮಿಲಿಗಿಂತ ಜಾಸ್ತಿ ಪೆಟ್ರೋಲ್ ಹೋಗುತ್ತದೆ. ಲೆಕ್ಕಕ್ಕೆ ಅಂತ ದಿನಕ್ಕೆ ಹತ್ತು ಸಾವಿರ ಸಣ್ಣ ಕಾರು ಅಂತ ಹಿಡಿಯಿರಿ, ಒಂದೇ ಬ್ಯಾರಿಕೇಡ್‌ನಲ್ಲಿ ದಿನಕ್ಕೆ 140 ಲೀಟರ್. ಲಾರಿ, ಬಸ್, ಗ್ಯಾಸ್ ಟ್ಯಾಂಕರ್‌ಗಳ ಡೀಸೆಲ್ ಸೇರಿಸಿದರೆ ಎಷ್ಟೋ ಪಟ್ಟು ಆಗುತ್ತದೆ. ಮಂಗಳೂರಿಂದ ಉಡುಪಿಗೆ ಇಂಥ ಎಷ್ಟು ಜಾಗ ಇದೆ ಅಂತ ಓಡಾಡುವವರಿಗೆಲ್ಲ ಗೊತ್ತು. ಬ್ಯಾರಿಕೇಡ್ ತೆಗೆಯಿರಿ ಅಂತ ನಾನು ಹೇಳುವುದಿಲ್ಲ, ಅಲ್ಲಿ ಶಾಲೆಯ ಮಕ್ಕಳು ರಸ್ತೆ ದಾಟುತ್ತಾರೆ, ಮೀನು ಬುಟ್ಟಿ ಹೊತ್ತ ಹೆಂಗಸರು ದಾಟುತ್ತಾರೆ, ಅದಿಲ್ಲದಿದ್ದರೆ ಯಾರೂ ನಿಧಾನ ಮಾಡುವುದಿಲ್ಲ. ಊರಿನ ಜನ ಕೇಳುತ್ತಿರುವುದು ಅಂಡರ್‌ಪಾಸ್, ಮೇಲ್ಸೇತುವೆ, ಸರಿಯಾದ ಸರ್ವಿಸ್ ರಸ್ತೆ. ಜನರ ಜೀವಕ್ಕಾಗಿ ಕೇಳುತ್ತಿದ್ದಾರೆ, ಅದೇ ದೊಡ್ಡ ಕಾರಣ. ಮುಂದಿನ ಮನವಿಯಲ್ಲಿ ಈ ಪೆಟ್ರೋಲಿನ ಲೆಕ್ಕವನ್ನೂ ಒಂದು ಪುಟ ಸೇರಿಸಿ ಕೊಡಬೇಕು ಅಂತ ನನ್ನ ಆಸೆ. ಬರೆದು ಕೊಡೋಕೆ ನಾನು ತಯಾರಿದ್ದೇನೆ.